ಸೂಜಿ ಬೇರಿಂಗು ಮತ್ತು ಅದರ ಪಂಜರ

ಯಂತ್ರಗಳ ಚರಿತ್ರೆಯನ್ನು ಬರೆಯುವವರ ಗಮನವು ಸಾಮಾನ್ಯವಾಗಿ ದೊಡ್ಡ ಯಂತ್ರಗಳ ಕಡೆಗೇ ಹರಿಯುತ್ತದೆ. ಉಗಿಯಂತ್ರ, ನೂಲುವ ಯಂತ್ರ, ರೈಲು, ಮೋಟಾರು ಎಂಬ ಕ್ರಮದಲ್ಲಿ ನಮ್ಮ ಪಠ್ಯಗ್ರಂಥಗಳು ಕೈಗಾರಿಕಾ ಕ್ರಾಂತಿಯನ್ನು ವಿವರಿಸುತ್ತವೆ. ಒಂದೊಂದಕ್ಕೂ ಒಬ್ಬ ನಿರ್ಮಾಪಕನ ಹೆಸರನ್ನೂ ಒಂದು ಇಸವಿಯನ್ನೂ ಜೋಡಿಸಿ ವಿದ್ಯಾರ್ಥಿಗೆ ಒಪ್ಪಿಸುತ್ತವೆ. ಆ ಯಂತ್ರಗಳ ಒಳಗೆ ಅಡಗಿ ಕುಳಿತು, ಅವು ಸವೆಯದಂತೆಯೂ ಕಾದು ಕಚ್ಚಿಕೊಳ್ಳದಂತೆಯೂ ಕಾಯುವ ಸಣ್ಣ ಅವಯವಗಳಿಗೆ ಅಲ್ಲಿ ಸ್ಥಳವಿಲ್ಲ. ಪ್ರಕೃತ ಲೇಖನದ ವಸ್ತು ಅಂಥದೊಂದು ಅವಯವ. ಚರಿತ್ರೆಯ ಅಧ್ಯಾಪಕನು ಎಂಜಿನಿಯರುಗಳ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ “ಇದನ್ನು ಮೊದಲು ಕಂಡುಹಿಡಿದವರು ಯಾರು?” ಎಂದು ನಮ್ಮ ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯು ಕಾಣುವಷ್ಟು ಸರಳವಲ್ಲವೆಂಬುದನ್ನು ತೋರಿಸಲು ಸೂಜಿ ಬೇರಿಂಗಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇದರ ಪರಿಚಯವಾದುದು ಆಕಸ್ಮಿಕವಾಗಿ. ವಿದ್ಯಾರ್ಥಿಗಳೊಡನೆ ಒಂದು ಶಾಸನದ ಪಡಿಯಚ್ಚನ್ನು ತೆಗೆಯಲು ಹೊರಟಿದ್ದೆವು. ಬಾಡಿಗೆಯ ಜೀಪು ದಾರಿಯಲ್ಲಿ ಕಟಕಟನೆ ಸದ್ದು ಮಾಡತೊಡಗಿತು. ಹತ್ತಿರದ ಪೇಟೆಯ ಗ್ಯಾರೇಜಿನ ಮೇಸ್ತ್ರಿ ಕೆಳಗೆ ನುಸುಳಿ ನೋಡಿ, “ಕ್ರಾಸ್ ಹೋಗಿದೆ ಸಾರ್” ಎಂದರು. ಗೇರುಪೆಟ್ಟಿಗೆಯಿಂದ ಹಿಂದಿನ ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ಉದ್ದ ದಂಡದ ಕೀಲಿನಲ್ಲಿ ಶಿಲುಬೆಯ ಆಕಾರದ ಒಂದು ತುಂಡಿರುತ್ತದೆ. ಅದಕ್ಕೆ ಗ್ಯಾರೇಜಿನ ಭಾಷೆಯಲ್ಲಿ ಕ್ರಾಸ್ ಎಂದು ಹೆಸರು. ಅದರ ನಾಲ್ಕು ತೋಳುಗಳಿಗೂ ಒಂದೊಂದು ಉಕ್ಕಿನ ಬಟ್ಟಲು. ಮೇಸ್ತ್ರಿ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಒಂದು ಬಟ್ಟಲನ್ನು ಹೊರಕ್ಕೆ ತೆಗೆದಾಗ, ಹಾಸಿದ್ದ ಹಳೆಯ ವೃತ್ತಪತ್ರಿಕೆಯ ಮೇಲೆ ಸಣ್ಣ ಸಣ್ಣ ಉಕ್ಕಿನ ಕಡ್ಡಿಗಳು ಉದುರಿದವು. ಕೆಲವು ತುಕ್ಕು ಹಿಡಿದು ತುಂಡಾಗಿದ್ದವು. ಕ್ರಾಸಿನ ತೋಳಿನ ಮೇಲೆ ಅವುಗಳ ಗುರುತು ಗೀರುಗೀರಾಗಿ ಮೂಡಿತ್ತು. ಅವೇ ಸೂಜಿಗಳು.

ಬೇರಿಂಗು ಎಂದರೆ, ತಿರುಗುವ ಭಾಗದ ಭಾರವನ್ನು ಹೊತ್ತು ಅದರ ತಿರುಗುವಿಕೆಗೆ ಎಡೆಮಾಡಿಕೊಡುವ ಆಧಾರ. ಎತ್ತಿನ ಗಾಡಿಯಲ್ಲಿ ಅಚ್ಚಿನ ತುದಿಯು ಚಕ್ರದ ನಡುವಣ ಗುಂಬದೊಳಕ್ಕೆ ಹೊಕ್ಕಿರುತ್ತದೆ. ಗುಂಬವು ಅಚ್ಚಿನ ಮೇಲೆ ಜಾರುತ್ತ ಸುತ್ತುತ್ತದೆ. ಕೀಲೆಣ್ಣೆ ಇರುವಷ್ಟು ದಿನ ಗಾಡಿ ಸುಖವಾಗಿ ನಡೆಯುತ್ತದೆ, ಒಣಗಿದಾಗ ಕಿರುಗುಟ್ಟುತ್ತದೆ. ಈ ಜಾರುವ ಬಗೆಯನ್ನು ಹೀನವೆಂದು ಭಾವಿಸಲಾಗದು. ಮೋಟಾರು ಎಂಜಿನ್ನಿನ ಕ್ರ್ಯಾಂಕುದಂಡವೂ ವಿದ್ಯುದಾಗಾರದ ದೊಡ್ಡ ಟರ್ಬೈನೂ ಇಂದಿಗೂ ಬಹುಮಟ್ಟಿಗೆ ಎಣ್ಣೆಯ ತೆಳುಪದರದ ಮೇಲೆ ಜಾರುತ್ತಲೇ ತಿರುಗುತ್ತವೆ. ಆದರೆ ಈ ಪದರವು ಸಾಮಾನ್ಯವಾಗಿ ಚಲನೆಯಿಂದಲೇ ಹುಟ್ಟುವಂಥದು. ನಿಂತಲ್ಲಿಂದ ಹೊರಡುವಾಗ, ಅಥವಾ ಪೂರ್ಣವಾಗಿ ಸುತ್ತದೆ ಅತ್ತಿತ್ತ ತೊನೆಯುವಾಗ, ಪದರವು ನಿಲ್ಲದೆ ಲೋಹಕ್ಕೆ ಲೋಹ ತಾಗುತ್ತದೆ. ಅಂಥ ಎಡೆಗಳಲ್ಲಿ ಗುಂಡುಗಳನ್ನೋ ಉರುಳೆಗಳನ್ನೋ ನಡುವೆ ಇಟ್ಟು, ಜಾರುವುದನ್ನು ಉರುಳುವುದಾಗಿ ಮಾರ್ಪಡಿಸುವುದು ಲೇಸು. ದೊಡ್ಡ ಬಂಡೆಯನ್ನು ಮರದ ದಿಮ್ಮಿಗಳ ಮೇಲೆ ಸಾಗಿಸುವವರು ಮಾಡುವುದೂ ಇದನ್ನೇ.

ಗುಂಡು ತನ್ನ ಪಥವನ್ನು ಒಂದು ಬಿಂದುವಿನಷ್ಟು ಎಡೆಯಲ್ಲಿ ಮುಟ್ಟುತ್ತದೆ. ಉರುಳೆಯು ಒಂದು ರೇಖೆಯುದ್ದಕ್ಕೂ ಮುಟ್ಟುತ್ತದೆ. ಆದ್ದರಿಂದ ಒಂದೇ ಗಾತ್ರದ ಎಡೆಯಲ್ಲಿ ಉರುಳೆ ಹೆಚ್ಚು ಭಾರವನ್ನು ಹೊರಬಲ್ಲುದು. ಆ ಉರುಳೆಯನ್ನು ತೆಳ್ಳಗೆ ಮಾಡಿ, ಉದ್ದವನ್ನು ವ್ಯಾಸದ ೩ರಿಂದ ೧೦ ಪಟ್ಟಿನವರೆಗೆ ಬೆಳೆಸಿದರೆ ಅದು ಸೂಜಿ ಎನಿಸಿಕೊಳ್ಳುತ್ತದೆ. ಅದರ ವ್ಯಾಸ ಸಾಮಾನ್ಯವಾಗಿ ೫ ಮಿಲಿಮೀಟರನ್ನು ಮೀರುವುದಿಲ್ಲ. ಇದರಿಂದಾಗುವ ಉಳಿತಾಯವನ್ನು ಅಂಕಿಗಳಲ್ಲಿಯೇ ನೋಡಬಹುದು. ೨೦ ಮಿಲಿಮೀಟರು ವ್ಯಾಸದ ದಂಡಕ್ಕೆ ಸಾಧಾರಣವಾಗಿ ಬಳಸುವ ಒಂದು ಗುಂಡಿನ ಬೇರಿಂಗಿನ ಹೊರವ್ಯಾಸ ೪೨ ಮಿಲಿಮೀಟರು. ಅದೇ ದಂಡಕ್ಕೆ ೨ ಮಿಲಿಮೀಟರು ದಪ್ಪದ ಸೂಜಿಗಳನ್ನು ಸುತ್ತಲೂ ಇಟ್ಟರೆ ಹೊರವ್ಯಾಸ ೨೪ ಮಿಲಿಮೀಟರಿಗೇ ಮುಗಿಯುತ್ತದೆ. ಏಕೆಂದರೆ ಇಲ್ಲಿ ಒಳಬಳೆ ಹೊರಬಳೆಗಳನ್ನು ಬಿಟ್ಟು, ದಂಡದ ಮೈಯನ್ನೇ ಒಳಪಥವಾಗಿಯೂ ಅದನ್ನು ಸುತ್ತಿದ ರಂಧ್ರದ ಮೈಯನ್ನೇ ಹೊರಪಥವಾಗಿಯೂ ಬಳಸಬಹುದು. ಯಂತ್ರವು ಕಿರಿದಾಗುತ್ತದೆ, ಹಗುರವಾಗುತ್ತದೆ, ಉಕ್ಕು ಉಳಿಯುತ್ತದೆ.

ಇಷ್ಟೊಂದು ಅನುಕೂಲವುಳ್ಳ ವಸ್ತು ಎಲ್ಲ ಕಡೆಯೂ ಬಳಕೆಗೆ ಬರಲು ತಡವೇಕಾಯಿತು? ಇದಕ್ಕೆ ಉತ್ತರವನ್ನು ತಿಳಿಯಬೇಕಾದರೆ ಎರಡು ಉರುಳೆಗಳು ಅಕ್ಕಪಕ್ಕದಲ್ಲಿ ಹೇಗೆ ವರ್ತಿಸುತ್ತವೆಂಬುದನ್ನು ಗಮನಿಸಬೇಕು. ಓದುಗರು ಎರಡು ಪೆನ್ಸಿಲುಗಳನ್ನು ಒಂದಕ್ಕೊಂದು ತಾಗುವಂತೆ ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ ಮುಂದಕ್ಕೆ ಉರುಳಿಸಿ ನೋಡಲಿ. ಎರಡೂ ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಹಾಗೆ ಸುತ್ತುವಾಗ, ಅವು ಪರಸ್ಪರ ತಾಗುವ ಜಾಗದಲ್ಲಿ ಒಂದರ ಮೈ ಮೇಲಕ್ಕೆ ಏರುತ್ತಿರುತ್ತದೆ, ಇನ್ನೊಂದರ ಮೈ ಕೆಳಕ್ಕೆ ಇಳಿಯುತ್ತಿರುತ್ತದೆ. ಎಂದರೆ ನೆರೆಯ ಉರುಳೆಗಳೆರಡು ತಮ್ಮ ಮೈವೇಗದ ಎರಡು ಪಟ್ಟು ವೇಗದಿಂದ ಒಂದನ್ನೊಂದು ಉಜ್ಜುತ್ತವೆ. ಪಥದ ಮೇಲೆ ಕಳೆದುಕೊಂಡ ಘರ್ಷಣೆಯು ನೆರೆಹೊರೆಯ ಜಗಳವಾಗಿ ಮತ್ತೆ ಒಳಕ್ಕೆ ಬಂದಂತಾಯಿತು. ನಿಧಾನವಾಗಿ ತಿರುಗುವ ಯಂತ್ರದಲ್ಲಿ ಇದನ್ನು ಸಹಿಸಬಹುದು. ವೇಗ ಹೆಚ್ಚಿದಂತೆ ಕಾವು ಹೆಚ್ಚಿ, ಎಣ್ಣೆ ಸುಟ್ಟು, ಮೈ ತರಿದುಹೋಗುತ್ತದೆ.

ಸೂಜಿಗೆ ಇದರ ಜೊತೆಗೆ ಇನ್ನೊಂದು ಪೀಡೆಯುಂಟು. ಗಿಡ್ಡ ಉರುಳೆಯು ತನ್ನ ಪಥದ ಅಂಚುಗಳ ನಡುವೆ ನೆಟ್ಟಗೆ ನಿಲ್ಲುತ್ತದೆ. ತೆಳ್ಳಗೆ ಉದ್ದವಾದ ಸೂಜಿಯಾದರೋ ಸ್ವಲ್ಪ ಎಡೆ ಸಿಕ್ಕಿದರೂ ದಂಡಕ್ಕೆ ಓರೆಯಾಗಿ ತಿರುಗಿಕೊಳ್ಳುತ್ತದೆ. ಓರೆಯಾದ ಸೂಜಿ ಉರುಳುವುದರ ಬದಲು ಅಡ್ಡಕ್ಕೆ ಎಳೆದಾಡುತ್ತದೆ. ಭಾರವು ಅದರ ತುದಿಗಳ ಮೇಲೆ ಬಿದ್ದು ಒಮ್ಮೊಮ್ಮೆ ಅದು ಮುರಿಯುವುದೂ ಉಂಟು. ಈ ಎರಡು ಪೀಡೆಗಳಿಗೂ ಮದ್ದು ಒಂದೇ: ಪ್ರತಿಯೊಂದು ಸೂಜಿಯನ್ನೂ ಅದರ ನೆರೆಯಿಂದ ಬೇರ್ಪಡಿಸಿ, ದಂಡಕ್ಕೆ ಸಮಾನಾಂತರವಾಗಿ ಹಿಡಿದು ನಡೆಸುವ ಒಂದು ಚೌಕಟ್ಟು. ಇದನ್ನು ಪಂಜರವೆಂದು ಕರೆಯುತ್ತಾರೆ. ಹೊರೆಯನ್ನು ಹೊರುವ ಕೆಲಸದಲ್ಲಿ ಪಂಜರಕ್ಕೆ ಯಾವ ಪಾಲೂ ಇಲ್ಲ. ಅಷ್ಟೇ ಅಲ್ಲ, ಅದು ಆಕ್ರಮಿಸಿದ ಜಾಗದಲ್ಲಿ ಇನ್ನೂ ಕೆಲವು ಸೂಜಿಗಳನ್ನು ಇಡಬಹುದಾಗಿತ್ತು. ಆದರೂ ಬೇರಿಂಗಿನ ಚರಿತ್ರೆಯೆಂಬುದು ಬಹುಮಟ್ಟಿಗೆ ಈ ಹೊರೆಹೊರದ ಪಂಜರದ ಚರಿತ್ರೆಯೇ ಎಂಬುದು ನನ್ನ ಅಭಿಪ್ರಾಯ.

ಆ ಚರಿತ್ರೆ ತುಂಡುತುಂಡಾಗಿದೆ. ಇಟಲಿಯ ನೇಮಿ ಸರೋವರದ ತಳದಲ್ಲಿದ್ದ, ರೋಮಿನ ಚಕ್ರವರ್ತಿ ಕಲಿಗುಲನ (ಕ್ರಿ. ಶ. ೩೭–೪೧) ಕಾಲದ ಎರಡು ಹಡಗುಗಳನ್ನು ನೀರನ್ನು ಬಸಿದು ೧೯೨೯ರಿಂದ ೧೯೩೨ರ ಅವಧಿಯಲ್ಲಿ ಹೊರದೆಗೆದಾಗ, ಸುತ್ತುವ ಒಂದು ವೇದಿಕೆಯ ಅಡಿಯಲ್ಲಿದ್ದವೆಂದು ತೋರುವ ಕಂಚಿನ ಗುಂಡುಗಳು ದೊರೆತವು. ಒಂದೊಂದು ಗುಂಡಿಗೂ ಎರಡು ಪಕ್ಕದಲ್ಲಿ ಮೊಳೆಯಂಥ ಚಾಚುಗಳಿದ್ದು, ಅವುಗಳಿಂದ ಗುಂಡನ್ನು ಅದರ ಜಾಗದಲ್ಲಿ ಹಿಡಿದಿಡಲಾಗಿತ್ತು. ನೆರೆಯ ಗುಂಡನ್ನು ಅದು ಮುಟ್ಟುವಂತಿರಲಿಲ್ಲ. ಆ ಹಡಗುಗಳು ೧೯೪೪ರಲ್ಲಿ ಬೆಂಕಿಗೆ ಆಹುತಿಯಾದವು. ರೋಮಿನ ಈ ಕುಶಲತೆ ಮುಂದಿನವರಿಗೆ ಹರಿದುಬಂತೆನ್ನಲು ಆಧಾರಗಳಿಲ್ಲ.

ಲಿಯೊನಾರ್ಡೊ ಡ ವಿಂಚಿಯ ವಿಷಯ ಇದಕ್ಕಿಂತಲೂ ವಿಚಿತ್ರವಾದುದು. ೧೪೯೦ರ ದಶಕದ ಅವನ ಟಿಪ್ಪಣಿಗಳಲ್ಲಿ, ಗುಂಡುಗಳು ಒಂದನ್ನೊಂದು ಮುಟ್ಟಿದರೆ ಅವುಗಳ ವಿರುದ್ಧಚಲನೆಯಿಂದ ತಡೆಯುಂಟಾಗುತ್ತದೆಂಬ, ನಾವು ಮೇಲೆ ಪೆನ್ಸಿಲಿನಿಂದ ಕಂಡ ತತ್ತ್ವವೇ ಇದೆ; ಅವುಗಳನ್ನು ಬೇರ್ಪಡಿಸುವ ಬಳೆಯೊಂದರ ಚಿತ್ರವೂ ಇದೆ. ಆದರೆ ಈ ಹಸ್ತಪ್ರತಿ ಮ್ಯಾಡ್ರಿಡ್ಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದು, ಮತ್ತೆ ಪತ್ತೆಯಾದದ್ದು ೧೯೬೦ರ ದಶಕದ ನಡುವಿನಲ್ಲಿ. ಅಷ್ಟರಲ್ಲಿ ಜಗತ್ತಿನ ಕಾರ್ಖಾನೆಗಳು ಪಂಜರವುಳ್ಳ ಬೇರಿಂಗುಗಳನ್ನು ಅವನ ಹಂಗಿಲ್ಲದೆ ತಯಾರಿಸುತ್ತಿದ್ದವು. ಲಿಯೊನಾರ್ಡೊವನ್ನು ಬೇರಿಂಗಿನ ಜನಕನೆಂದು ಕರೆಯುವ ಜನಪ್ರಿಯ ಪುಸ್ತಕಗಳು ಈ ಸಂಗತಿಯನ್ನು ಮರೆತುಬಿಡುತ್ತವೆ. ಮೊದಲು ಯೋಚಿಸಿದವನು ಬೇರೆ, ಪರಂಪರೆಯನ್ನು ಆರಂಭಿಸಿದವನು ಬೇರೆ. ಕಾಲದಲ್ಲಿ ಹಿಂದಿನದೆಲ್ಲವೂ ಮುಂದಿನದಕ್ಕೆ ಕಾರಣವಾಗಿರಲೇಬೇಕೆಂಬುದು ಚರಿತ್ರೆಯ ವಿದ್ಯಾರ್ಥಿಗಳು ಬಿಡಬೇಕಾದ ಮೊದಲ ಭ್ರಮೆಗಳಲ್ಲೊಂದು.

ಮೂರನೆಯವನು ಜಾನ್ ಹ್ಯಾರಿಸನ್ (೧೬೯೩–೧೭೭೬). ವೃತ್ತಿಯಿಂದ ಬಡಗಿಯಾಗಿದ್ದ ಈ ಇಂಗ್ಲಿಷಿನವನು ಸಮುದ್ರದ ಮೇಲೆ ರೇಖಾಂಶವನ್ನು ತಿಳಿಯಲು ಬೇಕಾದ ಗಡಿಯಾರವನ್ನು ಮಾಡುವುದಕ್ಕಾಗಿ ಜೀವಮಾನವನ್ನೇ ಮುಡಿಪಿಟ್ಟನು. ಅವನ ಮೂರನೆಯ ಗಡಿಯಾರಕ್ಕೆ ೧೭೪೦ರಿಂದ ಸುಮಾರು ೧೯ ವರ್ಷಗಳು ಹಿಡಿದವು. ಅದರಲ್ಲಿ ಅವನು ಉರುಳೆಗಳನ್ನು ಪಂಜರದಲ್ಲಿಟ್ಟ ಬೇರಿಂಗನ್ನು ಬಳಸಿದನು. ಸಮುದ್ರಯಾನದಲ್ಲಿ ಎಣ್ಣೆ ಗಟ್ಟಿಯಾಗಿ ಗಡಿಯಾರದ ನಡಿಗೆಯನ್ನು ಕೆಡಿಸುತ್ತಿದ್ದುದರಿಂದ, ಎಣ್ಣೆಯನ್ನೇ ಬೇಡದ ಯಂತ್ರವನ್ನು ಮಾಡಬೇಕೆಂಬುದು ಅವನ ಹಂಬಲವಾಗಿತ್ತು. ಕೊನೆಗೆ ಅವನಿಗೆ ಕೀರ್ತಿಯನ್ನು ತಂದದ್ದು ಅದರ ನಂತರದ, ಕೈಗಡಿಯಾರದಂಥ ಸಣ್ಣ ಯಂತ್ರ. ಮೂರನೆಯದು ಗ್ರೀನಿಚ್ಚಿನ ವೀಕ್ಷಣಾಲಯದಲ್ಲಿ ಪ್ರದರ್ಶನದ ವಸ್ತುವಾಗಿ ನಿಂತಿದೆ.

ಹೀಗೆ ತಲೆಗೆ ಹೊಳೆದ ವಿಚಾರ ಕೈಗೆ ಬರದೆ ಉಳಿಯಲು ಕಾರಣ ಬುದ್ಧಿಯ ಅಭಾವವಲ್ಲ, ಸಾಣೆಯ ಅಭಾವ. ಒಂದು ಬೇರಿಂಗಿನ ಗುಂಡುಗಳಲ್ಲಿ ಒಂದು ಮಾತ್ರ ಕೂದಲೆಳೆಯಷ್ಟು ದಪ್ಪವಾಗಿದ್ದರೂ ಅದೇ ಎಲ್ಲ ಭಾರವನ್ನೂ ಹೊತ್ತು ಬೇಗನೆ ಒಡೆಯುತ್ತದೆ. ವೇಲ್ಸಿನ ಫಿಲಿಪ್ ವಾನ್ ಎಂಬವನು ೧೭೯೪ರಲ್ಲಿಯೇ ಗಾಡಿಯ ಅಚ್ಚಿಗೆ ಗುಂಡುಗಳನ್ನಿಡುವ ಏರ್ಪಾಡಿಗೆ ಪೇಟೆಂಟು ಪಡೆದಿದ್ದನು. ಆದರೆ ಸಮಗಾತ್ರದ ಉಕ್ಕಿನ ಗುಂಡುಗಳು ಅಗ್ಗವಾಗಿ ರಾಶಿರಾಶಿಯಾಗಿ ಸಿಗತೊಡಗಿದ್ದು ಜರ್ಮನಿಯ ಷ್ವೈನ್‌ಫರ್ಟ್ ಪಟ್ಟಣದಲ್ಲಿ ಫ್ರೀಡ್ರಿಷ್ ಫಿಷರ್ ೧೮೮೩ರಲ್ಲಿ ಗುಂಡುಗಳಿಗೆ ಸಾಣೆಹಿಡಿಯುವ ಯಂತ್ರವನ್ನು ರಚಿಸಿದ ಮೇಲೆ. ಅದಕ್ಕೆ ಬೇಡಿಕೆಯನ್ನು ಒದಗಿಸಿದ್ದು ಬೈಸಿಕಲ್ಲು. ಸಾಮಾನ್ಯರ ಸವಾರಿಯಾದ ಬೈಸಿಕಲ್ಲಿಗಾಗಿ ಹುಟ್ಟಿದ ಈ ಕೈಗಾರಿಕೆ ಅರುವತ್ತು ವರ್ಷಗಳಲ್ಲಿ ಎಷ್ಟು ಮುಖ್ಯವಾಯಿತೆಂದರೆ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಪಡೆ ಷ್ವೈನ್‌ಫರ್ಟಿನ ಬೇರಿಂಗು ಕಾರ್ಖಾನೆಗಳ ಮೇಲೆ ೧೯೪೩ರ ಆಗಸ್ಟ್ ೧೭ರಂದೂ ಅಕ್ಟೋಬರ್ ೧೪ರಂದೂ ದಾಳಿಮಾಡಿತು. ಎರಡು ದಿನಗಳ ಕಾರ್ಯಾಚರಣೆಯಲ್ಲಿಯೂ ತಲಾ ೬೦ ಬಾಂಬರುಗಳು ಉರುಳಿದವು. ಇಷ್ಟು ಬೆಲೆ ತೆತ್ತರೂ, ಜರ್ಮನಿಯ ಮುಖ್ಯ ಯುದ್ಧೋತ್ಪಾದನೆಗೆ ಇದರಿಂದ ಅಳೆಯಬಹುದಾದ ಧಕ್ಕೆ ಆದಂತಿಲ್ಲವೆಂದು ಯುದ್ಧಾನಂತರ ಅಮೆರಿಕದ ಅಧಿಕೃತ ಸಮೀಕ್ಷೆಯೇ ತೀರ್ಮಾನಿಸಿತು. ದಾಸ್ತಾನು ಇತ್ತು, ಸ್ವೀಡನ್ನಿನಿಂದ ಆಮದು ಇತ್ತು. ಸಾಧ್ಯವಿದ್ದ ಕಡೆಗಳಲ್ಲಿ ಎಂಜಿನಿಯರುಗಳು ಜಾರುವ ಬೇರಿಂಗುಗಳಿಗೆ ಹಿಂದಿರುಗಿದರು.

ಸೂಜಿ ಬೇರಿಂಗಿನ ಕತೆ ಈ ಗುಂಡಿನ ಬೇರಿಂಗಿನ ಕತೆಗೆ ಹಿಂದಿನ ಬಾಗಿಲಿನಿಂದ ಸೇರಿಕೊಳ್ಳುತ್ತದೆ. ೧೯೩೦ರ ದಶಕದಲ್ಲಿ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಅದು ಮಾರಾಟಕ್ಕೆ ಬಂದಿತ್ತು. ಅಮೆರಿಕದಲ್ಲಿ ಅದನ್ನು ತಯಾರಿಸಿದ ಟಾರಿಂಗ್ಟನ್ ಸಂಸ್ಥೆಯು ೧೮೬೬ರಲ್ಲಿ ಹೊಲಿಗೆಯಂತ್ರದ ಸೂಜಿಗಳ ಕಾರ್ಖಾನೆಯಾಗಿ ಪ್ರಾರಂಭವಾದುದು. ತೆಳ್ಳನೆಯ ಉಕ್ಕಿನ ತಂತಿಯನ್ನು ಕತ್ತರಿಸಿ, ಕಾಯಿಸಿ ಗಡುಸುಮಾಡಿ, ಸಾಣೆಹಿಡಿಯುವ ವಿದ್ಯೆ ಅದರ ಕೈಯಲ್ಲಿ ಮೊದಲೇ ಇದ್ದಿತು. ಹೆಸರಿನ ಹೊಂದಿಕೆ ಕೇವಲ ಕಾಕತಾಳೀಯವಲ್ಲವೆಂದು ತೋರುತ್ತದೆ. ಆದರೆ ಆ ಕಾಲದ ಸೂಜಿ ಬೇರಿಂಗುಗಳು ಹೆಚ್ಚಾಗಿ ಪಂಜರವಿಲ್ಲದೆ ಸೂಜಿಗಳನ್ನು ಒತ್ತೊತ್ತಾಗಿ ತುಂಬಿದ ಬಗೆಯವು. ಹೊರೆಗೆ ಅವು ಧಾರಾಳ, ವೇಗಕ್ಕೆ ಮಾತ್ರ ಒದಗವು.

ಯುದ್ಧ ಮುಗಿದ ಮೇಲೆ, ಷ್ವೈನ್‌ಫರ್ಟ್ ಇರುವ ಫ್ರಾಂಕೋನಿಯ ಸೀಮೆಯದೇ ಆದ ಹೆರ್ಟ್ಸೋಗೆನಾವುರಾಖ್ ಎಂಬ ಸಣ್ಣ ಊರಿನಲ್ಲಿ ವಿಲ್‌ಹೆಲ್ಮ್ ಮತ್ತು ಗೇಯೋರ್ಗ್ ಷೇಫ್ಲರ್ ಎಂಬ ಸಹೋದರರು ೧೯೪೬ರಲ್ಲಿ ಒಂದು ಕಾರ್ಖಾನೆಯನ್ನು ತೆರೆದರು. ಮೊದಮೊದಲು ಅಲ್ಲಿ ತಯಾರಾಗುತ್ತಿದ್ದುದು ಮರದ ಕೈಗಾಡಿ ಮೊದಲಾದ ಗೃಹೋಪಯೋಗಿ ಸಾಮಾನುಗಳು. ಸಂಸ್ಥೆಯ ಚರಿತ್ರೆಯನ್ನು ಬಹುಕಾಲ ಇಲ್ಲಿಂದಲೇ ಆರಂಭಿಸುವುದು ವಾಡಿಕೆಯಾಗಿತ್ತು. ಯುದ್ಧಕಾಲದಲ್ಲಿ ಸೈಲೀಷಿಯದ ಕಾಟ್ಷರ್ ಎಂಬಲ್ಲಿ ವಿಲ್‌ಹೆಲ್ಮ್ ನಡೆಸುತ್ತಿದ್ದ ಜವಳಿ ಕಾರ್ಖಾನೆ ಮತ್ತು ಅಲ್ಲಿನ ಬಲವಂತದ ದುಡಿಮೆ ಸಾರ್ವಜನಿಕ ಚರ್ಚೆಗೆ ಬಂದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಉದ್ಯಮಗಳ ಸ್ಮರಣಸಂಚಿಕೆಗಳನ್ನು ಆಕರವಾಗಿ ಬಳಸುವವರು ಅವುಗಳ ಮೊದಲನೆಯ ಪುಟದ ಇಸವಿಯನ್ನು ಸಂಶಯದಿಂದ ನೋಡುವುದು ಒಳ್ಳೆಯದು.

೧೯೪೯ರಲ್ಲಿ ಗೇಯೋರ್ಗ್ ಷೇಫ್ಲರ್ ಸೂಜಿಗಳಿಗೆ ಪಂಜರವನ್ನು ಅಳವಡಿಸುವ ಮಾರ್ಗವನ್ನು ಕಂಡನು. ಒಂದೊಂದು ಸೂಜಿಗೂ ಒಂದೊಂದು ಕಿಂಡಿ. ಸೂಜಿ ಅದರೊಳಗೆ ಉರುಳಬಲ್ಲುದು, ಓರೆಯಾಗಲಾರದು, ಪಂಜರವನ್ನು ಕೈಗೆತ್ತಿಕೊಂಡರೆ ಕೆಳಕ್ಕೆ ಉದುರಲೂ ಆರದು. ಈ ಕೊನೆಯ ಗುಣ ಅಲ್ಪವೆಂದು ಕಾಣಬಹುದು. ಆದರೆ ದಿನಕ್ಕೆ ನೂರಾರು ಗೇರುಪೆಟ್ಟಿಗೆಗಳನ್ನು ಜೋಡಿಸುವ ಕಾರ್ಖಾನೆಯಲ್ಲಿ ಸೂಜಿಗಳನ್ನು ಒಂದೊಂದಾಗಿ ಎಣಿಸಿ ಇಡುವುದಕ್ಕೂ ಒಂದು ಬಳೆಯನ್ನು ದಂಡಕ್ಕೆ ತೊಡಿಸುವುದಕ್ಕೂ ಇರುವ ಅಂತರ ದೊಡ್ಡದು. ಕಾಲವೂ ಅನುಕೂಲವಾಗಿತ್ತು. ಪಶ್ಚಿಮ ಜರ್ಮನಿಯು ಆಗ ಸಣ್ಣ ಕಾರುಗಳನ್ನೂ ಮೋಟಾರು ಸೈಕಲ್ಲುಗಳನ್ನೂ ಹೇರಳವಾಗಿ ತಯಾರಿಸತೊಡಗಿತ್ತು. ಸಣ್ಣ ಗೇರುಪೆಟ್ಟಿಗೆಯಲ್ಲಿ ಎಡೆಯಿಲ್ಲ, ವೇಗವುಂಟು. ಹಿಂದಿನ ಯಾವ ಬೇರಿಂಗೂ ಈ ಎರಡನ್ನೂ ಒಟ್ಟಿಗೆ ಅಷ್ಟು ಚೆನ್ನಾಗಿ ನಿಭಾಯಿಸಿರಲಿಲ್ಲ. ೧೯೫೦ರ ದಶಕದ ಮೊದಲ ವರ್ಷಗಳಲ್ಲಿಯೇ ಫೋಕ್ಸ್‌ವ್ಯಾಗನ್ ಮುಂತಾದ ವಾಹನಗಳಲ್ಲಿ ಪಂಜರದ ಸೂಜಿ ಬೇರಿಂಗು ನೆಲೆಯೂರಿತು. ಹ್ಯಾರಿಸನ್ನನ ಪಂಜರಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ನಡುವೆ ಸುಮಾರು ಇನ್ನೂರು ವರ್ಷಗಳಲ್ಲಿ ಬಂದು ಸೇರಿದವು ಕ್ರೋಮಿಯಂ ಬೆರೆತ ಉಕ್ಕು, ಸಾಣೆಯಂತ್ರ, ಮೈಕ್ರಾನುಗಳನ್ನು ಅಳೆಯುವ ಉಪಕರಣ ಮತ್ತು ಲಕ್ಷಗಟ್ಟಲೆ ಕೊಳ್ಳುವ ಗಿರಾಕಿ.

ಇಂದು ಈ ಬೇರಿಂಗು ಎಲ್ಲೆಲ್ಲಿದೆ ಎಂಬುದನ್ನು ಹೇಳುವುದಕ್ಕಿಂತ ಏಕಿದೆ ಎಂಬುದನ್ನು ಹೇಳುವುದು ಮೇಲು. ಗೇರುಪೆಟ್ಟಿಗೆಯಲ್ಲಿ ಹಲ್ಲುಚಕ್ರಗಳು ತಮ್ಮ ದಂಡದ ಮೇಲೆಯೇ ಬಿಡಿಯಾಗಿ ಸುತ್ತಬೇಕಾಗುತ್ತದೆ. ಚಕ್ರಕ್ಕೂ ದಂಡಕ್ಕೂ ನಡುವೆ ಇರುವ ಎಡೆ ಕೆಲವೇ ಮಿಲಿಮೀಟರು. ಒಂದು ಚಕ್ರದ ಸುತ್ತ ಸಣ್ಣ ಚಕ್ರಗಳು ಗ್ರಹಗಳಂತೆ ಪರಿಭ್ರಮಿಸುವ ಸ್ವಯಂಚಾಲಿತ ಗೇರುಪೆಟ್ಟಿಗೆಗಳಲ್ಲಿಯೂ ಇದೇ ಇಕ್ಕಟ್ಟು. ದ್ವಿಘಾತ ಎಂಜಿನ್ನಿನಲ್ಲಿ ಕಾರಣ ಬೇರೆ. ಅಲ್ಲಿ ಪಿಸ್ಟನ್ನಿನ ಮೇಲಿನ ಒತ್ತಡ ಬಹುಮಟ್ಟಿಗೆ ಸದಾ ಕೆಳಮುಖವಾಗಿರುವುದರಿಂದ, ಪಿಸ್ಟನ್ನನ್ನೂ ಅದರ ಸರಳನ್ನೂ ಕೂಡಿಸುವ ಪಿನ್ನು ಒಂದೇ ಪಕ್ಕಕ್ಕೆ ಒತ್ತಿಕೊಂಡಿರುತ್ತದೆ; ಎಣ್ಣೆ ನುಗ್ಗಲು ಅದು ಎಡೆ ಬಿಡುವುದಿಲ್ಲ. ಎಣ್ಣೆಯೂ ಪೆಟ್ರೋಲಿನ ಜೊತೆಯಲ್ಲಿ ಬರುವಷ್ಟೇ. ಮೊದಲು ಕಂಚಿನ ಬುಷ್ ಹಾಕುತ್ತಿದ್ದ ಆ ಜಾಗಕ್ಕೆ, ಅಲ್ಪ ಎಣ್ಣೆಯಲ್ಲಿ ಬಾಳುವ ಸೂಜಿಗಳು ಬಂದವು. ಈಚಿನ ಕಾರುಗಳ ಎಂಜಿನ್ನಿನಲ್ಲಿ ಕವಾಟಗಳನ್ನು ತೆರೆಯುವ ಸನ್ನೆಗಳಿಗೆ ಸೂಜಿಗಳ ಮೇಲೆ ಉರುಳುವ ಗಾಲಿಯನ್ನಿಟ್ಟು ಇಂಧನವನ್ನು ಉಳಿಸುತ್ತಾರೆ. ಸೂಜಿಗಳನ್ನು ಸೂರ್ಯಕಿರಣಗಳಂತೆ ಒಂದು ಬಿಲ್ಲೆಯಲ್ಲಿ ಜೋಡಿಸಿದರೆ ದಂಡದ ಉದ್ದಕ್ಕೆ ಬೀಳುವ ಒತ್ತಡವನ್ನು ಹೊರುವ ಬೇರಿಂಗಾಗುತ್ತದೆ. ಕಾರಿನೊಳಗನ್ನು ತಂಪುಮಾಡುವ ಯಂತ್ರದ ಸಂಪೀಡಕದಲ್ಲಿ ಇಂಥವು ಇರುತ್ತವೆ.

ಇದರ ದೋಷಗಳೂ ಗುಣಗಳಷ್ಟೇ ಸ್ಪಷ್ಟವಾಗಿವೆ. ದಂಡವು ಸ್ವಲ್ಪ ಬಾಗಿದರೂ ಸೂಜಿಯ ಒಂದು ತುದಿಗೆ ಹೊರೆ ಬೀಳುತ್ತದೆ. ಗುಂಡಿನಷ್ಟು ಕ್ಷಮಾಗುಣ ಇದಕ್ಕಿಲ್ಲ. ದಂಡವೇ ಪಥವಾಗಬೇಕಾದರೆ ಅದರ ಮೈಯೂ ಬೇರಿಂಗಿನ ಉಕ್ಕಿನಷ್ಟೇ ಗಡುಸಾಗಿ, ನುಣುಪಾಗಿ ಇರಬೇಕು. ಸೂಜಿಗಳ ವಿಷಯದಲ್ಲಂತೂ ನಿಷ್ಠುರತೆ ಹೆಚ್ಚು: ಒಳ್ಳೆಯ ದರ್ಜೆಯವನ್ನು, ಒಂದು ಕಟ್ಟಿನಲ್ಲಿರುವ ಸೂಜಿಗಳ ವ್ಯಾಸದಲ್ಲಿ ೨ ಮೈಕ್ರಾನಿಗಿಂತ ಹೆಚ್ಚು ಅಂತರ ಬಾರದಂತೆ ವಿಂಗಡಿಸುತ್ತಾರೆ. ೧ ಮೈಕ್ರಾನು ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಭಾರತದಲ್ಲಿ ಈ ನಯಗಾರಿಕೆಗೆ ಬುನಾದಿ ಬಿದ್ದುದು ೧೯೬೫ರಲ್ಲಿ, ಫ್ರಾನ್ಸಿನ ನಡೆಲ್ಲಾ ಸಂಸ್ಥೆಯ ಸಹಕಾರದೊಡನೆ ಎನ್. ಆರ್. ಬಿ. ಸಂಸ್ಥೆಯು ಸೂಜಿ ಬೇರಿಂಗುಗಳ ತಯಾರಿಕೆಯನ್ನು ಪ್ರಾರಂಭಿಸಿದಾಗ. ಯೂರೋಪಿನಲ್ಲಿ ಷೇಫ್ಲರ್ ಸಹೋದರರ ಸಂಸ್ಥೆಯು ೨೦೦೧ರಲ್ಲಿ ಫಿಷರನ ಹೆಸರಿನ ಹಳೆಯ ಷ್ವೈನ್‌ಫರ್ಟ್ ಸಂಸ್ಥೆಯನ್ನೇ ವಶಪಡಿಸಿಕೊಂಡಿತು. ೨೦೦೩ರಲ್ಲಿ ಟಾರಿಂಗ್ಟನ್ ಸಂಸ್ಥೆಯು, ಮೊನೆಗೆ ಕಿರಿದಾಗುವ ಉರುಳೆಗಳಿಗೆ ೧೮೯೮ರಲ್ಲಿ ಪೇಟೆಂಟು ಪಡೆದಿದ್ದ ಹೆನ್ರಿ ಟಿಮ್ಕೆನ್ನನ ಸಂಸ್ಥೆಯ ಪಾಲಾಯಿತು.

ಇನ್ನು ನಮ್ಮ ಜೀಪಿನ ಕ್ರಾಸ್. ಪಂಜರ ಬಂದು ಇಷ್ಟು ವರ್ಷಗಳಾದರೂ ಅಲ್ಲಿ ಪಂಜರವಿರಲಿಲ್ಲ, ಹೊಸದಾಗಿ ತಂದುದರಲ್ಲಿಯೂ ಇರಲಿಲ್ಲ. ಇದು ಹಿಂದುಳಿದಿರುವಿಕೆಯಲ್ಲ. ಕ್ರಾಸಿನ ತೋಳು ಬಟ್ಟಲಿನೊಳಗೆ ಪೂರ್ಣ ಸುತ್ತುವುದೇ ಇಲ್ಲ; ಕೆಲವು ಅಂಶಗಳಷ್ಟು ಮಾತ್ರ ಅತ್ತಿತ್ತ ಹೊರಳುತ್ತದೆ. ಸೂಜಿಗಳು ಪರಸ್ಪರ ಉಜ್ಜುವ ವೇಗ ಅತ್ಯಲ್ಪ, ಹೊರಬೇಕಾದ ಹೊರೆ ಮಾತ್ರ ಬಹಳ. ಅಲ್ಲಿ ಪಂಜರವನ್ನಿಟ್ಟರೆ ಸೂಜಿಗಳ ಸಂಖ್ಯೆ ಕಡಮೆಯಾಗಿ ನಷ್ಟವೇ ಹೊರತು ಲಾಭವಿಲ್ಲ. ಆದ್ದರಿಂದ ಮೇಸ್ತ್ರಿ ಸೂಜಿಗಳನ್ನು ಬಟ್ಟಲಿನ ಗ್ರೀಸಿಗೆ ಅಂಟಿಸಿ ಒಂದರ ಪಕ್ಕ ಒಂದರಂತೆ ನಿಲ್ಲಿಸಿದರು. ನಾಲ್ಕನೆಯ ಬಟ್ಟಲನ್ನು ಒತ್ತಿದಾಗ ಅದರ ಲಾಕು ತನ್ನ ತೋಡಿನಲ್ಲಿ ಕೂರಲಿಲ್ಲ. “ಒಂದು ಮಲಗಿದೆ” ಎಂದು ಅವರು ಬಟ್ಟಲನ್ನು ಮತ್ತೆ ಬಿಚ್ಚಿದರು. ನಿಜವಾಗಿಯೂ ಒಂದು ಸೂಜಿ ಜಾರಿ ತಳದಲ್ಲಿ ಅಡ್ಡಲಾಗಿ ಬಿದ್ದಿತ್ತು. ಅದನ್ನು ಗ್ರೀಸಿನಲ್ಲಿ ಅದ್ದಿ ಮತ್ತೆ ಸಾಲಿಗೆ ಸೇರಿಸಿದ ಮೇಲೆ ಲಾಕು ಕುಳಿತಿತು. ಶಾಸನದ ಊರನ್ನು ನಾವು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಪಡಿಯಚ್ಚನ್ನು ಮರುದಿನ ತೆಗೆದೆವು.